ಎಚ್‌ಎಎಲ್ ತಂಡ ಇಳಿದುಹೋದ ಮೇಲೆ
ಬಿಳಿಗೆರೆಯವನಿಗೆ ಬೆಂಗಳೂರಿನ ಫುಟ್‌ಬಾಲ್ ಯಾಕೆ ಅಂತ ಆಫೀಸಲ್ಲಿ ಕೇಳ್ತಾರೆ. ಗೌತಮಪುರಕ್ಕೆ ಹೋಗಿ ನೋಡಿ, ಬುದ್ಧ, ಬಾಬಾಸಾಹೇಬರ ಜೊತೆ ಪೆಲೆ ಪ್ರತಿಮೆಯೂ ಇದೆ. ಅಂಥ ಕೇರಿ ಹುಡುಗರು ಚೆನ್ನಾಗಿ ಆಡಿದ್ರೆ ಎಚ್‌ಎಎಲ್, ಐಟಿಐಯಲ್ಲಿ ಕಾಯಂ ಕೆಲಸ ಸಿಗ್ತಿತ್ತು. ಸಂಬಳ, ಪಿಎಫ್, ಮಕ್ಕಳ ಓದು, ಎಲ್ಲಾ ಒಂದು ಚೆಂಡಿನಿಂದ.

2011-12ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಕೆಳಗಿಳಿಯಿತು. ಕೋಟಿ ಸುರಿಯೋ ಕ್ಲಬ್‌ಗಳ ಎದುರು ಕಾರ್ಖಾನೆ ತಂಡ ಸೋತಿದ್ದಕ್ಕೆ ನನಗೆ ಸಿಟ್ಟಿಲ್ಲ. ಮತ್ತೆ ಆ ಮಟ್ಟಕ್ಕೆ ಬರಲೇ ಇಲ್ವಲ್ಲ, ಅದಕ್ಕೆ ಸಿಟ್ಟು. ತಂಡ ನಡೆಸೋರಿಗೆ ಅದು ಖರ್ಚಿನ ಬಾಬತ್ತು, ನಮ್ಮೋರಿಗೆ ಅನ್ನದ ದಾರಿ ಕಣ್ರೀ.

2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷದ ಮೇಲೆ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. ಚಪ್ಪಾಳೆ ಸರಿ. ಆ ಹುಡುಗರಲ್ಲಿ ಎಷ್ಟು ಜನಕ್ಕೆ ಕಾಯಂ ಕೆಲಸ ಕೊಡ್ತೀರಿ ಸ್ವಾಮಿ?