ಅಕ್ಕಲಕೋಟೆಯ ದಾಳಿಂಬೆ ತೋಟದಲ್ಲಿ ಒಂದು ದಿನ

ಕಲಬುರಗಿಯಿಂದ ಆಳಂದ ದಾಟಿ ವಾಗ್ದರಿಯ ಹಾದಿ ಹಿಡಿದರೆ, ಕರ್ನಾಟಕ ಎಲ್ಲಿ ಮುಗಿಯಿತೆಂಬುದು ರಸ್ತೆಬದಿಯ ಫಲಕಗಳಿಂದ ಮಾತ್ರ ತಿಳಿಯುತ್ತದೆ. ಮಾತು ಬದಲಾಗುವುದಿಲ್ಲ. ಚಹದಂಗಡಿಯಲ್ಲಿ ಕನ್ನಡ, ಹೊಲದಲ್ಲಿ ಕನ್ನಡ. ಅಕ್ಕಲಕೋಟೆ ತಾಲ್ಲೂಕಿನಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಹೊರನಾಡಿಗೆ ಹೋಗುತ್ತೇವೆಂದು ಸಡಗರದಲ್ಲಿದ್ದ ನಮ್ಮ ಮಕ್ಕಳಿಗೆ ಇದರಿಂದ ತುಸು ನಿರಾಶೆಯೇ ಆಯಿತೆನ್ನಬೇಕು.

ಕ್ರಿಸ್ತ ಜಯಂತಿಯ ರಜೆಯಲ್ಲಿ ನಮ್ಮ ಧರ್ಮಕೇಂದ್ರದ ಏಳು ಕುಟುಂಬಗಳು ಎರಡು ಟೆಂಪೊಗಳಲ್ಲಿ ಹೊರಟಿದ್ದವು. ಗಿಡದಿಂದ ಹಣ್ಣನ್ನು ತಾವೇ ಕೀಳಬೇಕೆಂಬುದು ಮಕ್ಕಳ ಹಟ. ಸೊಲ್ಲಾಪುರ ಜಿಲ್ಲೆಯೆಂದರೆ ದಾಳಿಂಬೆಯ ನಾಡು. 2016ರಲ್ಲಿ ಇಲ್ಲಿನ ದಾಳಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ನಮ್ಮಲ್ಲೊಬ್ಬರ ಪರಿಚಯದ ರೈತರು ಅಕ್ಕಲಕೋಟೆಯ ಬಳಿ ಎರಡೆಕರೆ ತೋಟ ಮಾಡಿದ್ದಾರೆ. ಅವರೇ ನಮ್ಮನ್ನು ಕರೆದವರು.

ಒಂಬತ್ತು ಗಂಟೆಗೆ ತೋಟ ಮುಟ್ಟಿದೆವು. ಮಕ್ಕಳು ಚೀಲ ಹಿಡಿದು ಓಡಲು ಸಿದ್ಧ. ರೈತರು ಕೈ ಅಡ್ಡ ಹಿಡಿದರು. “ಇಬ್ಬನಿ ಆರಲ್ರಿ, ಆಮ್ಯಾಲೆ ಒಳಗ ಹೋಗೋಣಂತ” ಎಂದರು. ಇದೇನು ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವ ಸಂಪ್ರದಾಯವೆಂದು ನಮ್ಮಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು.

ಕಾಯುವ ಹೊತ್ತು ವ್ಯರ್ಥವಾಗಲಿಲ್ಲ. ತೋಟದ ಪಕ್ಕದ ಎರೆ ಹೊಲದಲ್ಲಿ ಹಿಂಗಾರಿ ಜೋಳ ಹಾಲುಗಾಳಾಗಿತ್ತು. ಎಳೆಯ ತೆನೆಗಳನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಕೊಟ್ಟರು. ನಾವು ಸೀತನಿ ಎನ್ನುತ್ತೇವೆ, ಮರಾಠಿಯವರು ಹುರ್ಡಾ ಎನ್ನುತ್ತಾರೆ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರು. ಪೇಟೆಯಲ್ಲಿ ಬೆಳೆದ ಮಕ್ಕಳು ಜೋಳವೆಂದರೆ ರೊಟ್ಟಿ ಎಂದಷ್ಟೇ ಬಲ್ಲವರು. ಅದು ಇಷ್ಟು ಹಸಿರಾಗಿ, ಇಷ್ಟು ಸಿಹಿಯಾಗಿ ಇರಬಲ್ಲದೆಂದು ಅವರು ನಂಬಲು ಎರಡು ಮೂರು ಮುಷ್ಟಿ ಬೇಕಾಯಿತು. ನಮಗಂತೂ ಅಂದಿನ ಊಟದಲ್ಲಿ ಇದೇ ಮೇಲೆನಿಸಿತು.

ಇಬ್ಬನಿಯ ವಿಷಯವನ್ನು ರೈತರು ಆಗ ಹೇಳಿದರು. ದಾಳಿಂಬೆಗೆ ಒಂದು ಮಾರಿ ಇದೆ, ಅದರ ಹೆಸರು ತೇಲ್ಯಾ. ಎಲೆಯ ಮೇಲೆ, ಕಾಯಿಯ ಮೇಲೆ ಎಣ್ಣೆ ಸವರಿದಂತಹ ಕಲೆ ಬೀಳುತ್ತದೆ, ಕಲೆ ಕಪ್ಪಾಗುತ್ತದೆ, ಕಾಯಿ ಬಿರಿಯುತ್ತದೆ. ಇದು ಬ್ಯಾಕ್ಟೀರಿಯಾದಿಂದ ಬರುವ ದುಂಡಾಣು ಅಂಗಮಾರಿ ರೋಗ. ಒಮ್ಮೆ ಹೊಕ್ಕರೆ ಪೂರ್ತಿ ತೊಲಗಿಸುವ ಔಷಧವಿಲ್ಲ. ಒದ್ದೆ ಎಲೆ ಮುಟ್ಟಿದ ಕೈ, ಬಟ್ಟೆ, ಕತ್ತರಿ ಇವುಗಳ ಮೂಲಕವೂ ಗಿಡದಿಂದ ಗಿಡಕ್ಕೆ ದಾಟುತ್ತದೆ. 2000ರ ದಶಕದಲ್ಲಿ ಸೊಲ್ಲಾಪುರದಲ್ಲೂ ನಮ್ಮ ವಿಜಯಪುರ, ಬಾಗಲಕೋಟೆಗಳಲ್ಲೂ ಎಷ್ಟೋ ತೋಟಗಳನ್ನು ಬುಡಸಮೇತ ಕಿತ್ತು ಸುಟ್ಟರು. ಈ ರೈತರೂ ಮೊದಲ ತೋಟವನ್ನು ಹಾಗೆ ಕಳೆದುಕೊಂಡವರೇ. ಸಾಲ ತೀರಿಸಿ ಮತ್ತೆ ಗಿಡ ನೆಡಲು ಅವರಿಗೆ ಆರು ವರ್ಷ ಹಿಡಿಯಿತಂತೆ. ಮೂವತ್ತು ಜನ ಅತಿಥಿಗಳ ಅರವತ್ತು ಕೈಗಳು ತಮ್ಮ ತೋಟಕ್ಕೆ ಬರುವುದೆಂದರೆ ಅವರಿಗೆ ಏನೆನಿಸಿರಬಹುದೆಂದು ನಾವು ಆಗ ಯೋಚಿಸತೊಡಗಿದೆವು. ಆದರೂ ಕರೆದಿದ್ದರು.

ಹನ್ನೊಂದಕ್ಕೆ ಒಳಗೆ ಬಿಟ್ಟರು. ಎಲ್ಲರೂ ಸೋಪಿನಿಂದ ಕೈ ತೊಳೆದದ್ದಾಯಿತು. ಕೀಳುವಂತಿಲ್ಲ, ಕತ್ತರಿಸಬೇಕು, ಎಳೆದರೆ ರೆಂಬೆಯ ಸಿಪ್ಪೆ ಸುಲಿಯುತ್ತದೆ. ಒಂದು ಗಿಡ ಮುಗಿದೊಡನೆ ಕತ್ತರಿಯನ್ನು ಔಷಧದ ನೀರಿನಲ್ಲಿ ಅದ್ದಬೇಕು. ಮಕ್ಕಳಿಗೆ ತಲಾ ಎರಡು ಹಣ್ಣು ಮಾತ್ರ. ಉಳಿದದ್ದನ್ನು ಕೂಲಿಗೆ ಬಂದ ಹೆಣ್ಣುಮಕ್ಕಳು ನಮ್ಮ ಕಣ್ಣೆದುರೇ ಸರಸರನೆ ಕತ್ತರಿಸಿ ಬುಟ್ಟಿ ತುಂಬಿದರು. ಮುಳ್ಳು ಗೀರಿದ ಅವರ ಮುಂಗೈಗಳನ್ನು ನೋಡಿದ ಮೇಲೆ ‘ಎರಡೇನಾ?’ ಎಂಬ ಗೊಣಗಾಟ ನಿಂತಿತು.

ಯಾವುದು ಹಣ್ಣು, ಯಾವುದು ಕಾಯಿ? ಬಣ್ಣವನ್ನಷ್ಟೇ ನಂಬಬಾರದು. ಬಲಿತ ಹಣ್ಣಿನ ದುಂಡು ಕಡಿಮೆಯಾಗಿ ಪಕ್ಕೆಗಳು ಚಪ್ಪಟೆಯಾಗುತ್ತವೆ, ತುದಿಯ ಕಿರೀಟ ಒಳಮುಚ್ಚುತ್ತದೆ, ಬೆರಳಿನಿಂದ ತಟ್ಟಿದರೆ ಲೋಹದಂತಹ ಸದ್ದು ಬರುತ್ತದೆ. ಮಾವು, ಬಾಳೆಗಳಂತೆ ಮನೆಗೆ ತಂದು ಹಣ್ಣು ಮಾಡಲು ಆಗುವುದಿಲ್ಲ; ಗಿಡದಲ್ಲಿ ಎಷ್ಟು ಮಾಗಿತೋ ಅಷ್ಟೇ.

ಇದು ‘ಭಗವಾ’ ತಳಿ. ಹೂವಿನಿಂದ ಹಣ್ಣಾಗಲು ಸುಮಾರು ಆರು ತಿಂಗಳು. ಮಿರಗದ ಮಳೆಯ ಹೊತ್ತಿಗೆ ಹೂ ಬಿಡಿಸಿದರೆ ಚಳಿಗಾಲಕ್ಕೆ ಹಣ್ಣು. ಇದಕ್ಕೆ ಮೃಗ ಬಹಾರ ಎಂದು ಹೆಸರು. ಹೂ ಬಿಡಿಸುವ ಮುನ್ನ ತಿಂಗಳಿಗೂ ಮೇಲೆ ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಆಮೇಲೆ ಗೊಬ್ಬರ ನೀರು ಕೊಡುತ್ತಾರೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಕೇಳಿಯೇ ಬಿಟ್ಟಳು: “ಕಾಕಾ, ಗಿಡಕ್ಕ ನೀರಡಿಕಿ ಆಗೂದಿಲ್ಲೇನ್ರಿ?”

“ಆಗ್ತದವ್ವ. ನೀರಡಿಕಿ ಆದ್ರನ ಹೂ ಬಿಡ್ತದ. ಅಳತಿ ಮಾತ್ರ ತಪ್ಪಬಾರ್ದು” ಎಂದರು ಅವರು. ಮಳೆ ಕಡಿಮೆಯ ಸೀಮೆಯಲ್ಲಿ ಬಾಯಾರಿಕೆಯನ್ನೂ ಅಳೆದು ಕೊಡುವ ಬೇಸಾಯವಿದು.

ಧರ್ಮೋಪದೇಶಕಾಂಡದ 23ನೆಯ ಅಧ್ಯಾಯದಲ್ಲಿ ಇಂತಹ ದಿನಕ್ಕೆಂದೇ ಬರೆದಂತಹ ನಿಯಮವೊಂದಿದೆ: ನೆರೆಯವನ ದ್ರಾಕ್ಷಿತೋಟಕ್ಕೆ ಹೋದವನು ಹೊಟ್ಟೆತುಂಬ ತಿನ್ನಬಹುದು, ಬುಟ್ಟಿಗೆ ಮಾತ್ರ ಹಾಕಿಕೊಳ್ಳಬಾರದು. ಹಸಿದವನಿಗೆ ಅನ್ನವೂ ಬೆಳೆದವನಿಗೆ ಬೆಲೆಯೂ ಒಂದೇ ನಿಯಮದಲ್ಲಿವೆ. ನಮ್ಮವರು ಬುಟ್ಟಿಗೆ ಹಾಕಿಕೊಂಡದ್ದನ್ನೆಲ್ಲ ತೂಗಿಸಿ ಹಣ ಕೊಟ್ಟರು. ಚೌಕಾಸಿಗೆ ಹೊರಟಿದ್ದ ಒಬ್ಬ ಹಿರಿಯರ ತೋಳನ್ನು ಅವರ ಮನೆಯವರೇ ಹಿಂದಿನಿಂದ ಜಗ್ಗಿದರು!

ಮಧ್ಯಾಹ್ನದ ಮೇಲೆ ಅಕ್ಕಲಕೋಟೆ ಪೇಟೆ ದಾಟಿ ಸೊಲ್ಲಾಪುರಕ್ಕೆ ಹೋದೆವು. ಸುಮಾರು 40 ಕಿ.ಮೀ. ಅಕ್ಕಲಕೋಟೆಯಲ್ಲಿ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದ ಜನಸಂದಣಿಯಿಂದ ವಾಹನಗಳು ಆಮೆಯಂತೆ ಸಾಗಿದವು. ಸೊಲ್ಲಾಪುರದಲ್ಲಿ ವಚನಕಾರ ಸಿದ್ಧರಾಮರ ಹೆಸರಿನ ಕೆರೆ, ಗುಡಿ, ಪಕ್ಕದಲ್ಲಿ ಕೋಟೆ. ಹನ್ನೆರಡನೆಯ ಶತಮಾನದಲ್ಲಿ ಈ ಶಿವಯೋಗಿ ಜನರನ್ನು ಸೇರಿಸಿ ಕೆರೆ ತೋಡಿಸಿದರೆಂದು ಪ್ರತೀತಿ. ಬೆಳಿಗ್ಗೆ ಹನಿ ನೀರಾವರಿಯ ಕೊಳವೆಯಿಂದ ತೊಟ್ಟಿಕ್ಕುವ ನೀರನ್ನು ಕಂಡಿದ್ದ ಮಕ್ಕಳು ಕೆರೆಯ ದಂಡೆಯಲ್ಲಿ ಸುಮ್ಮನೆ ಬಹಳ ಹೊತ್ತು ಕುಳಿತರು. ಪುಣೆ ರಸ್ತೆಯ ಕೇಗಾಂವಿನಲ್ಲಿ 2005ರಲ್ಲಿ ಆರಂಭವಾದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವಿದೆ. ಕತ್ತಲಾಗುತ್ತಿದ್ದುದರಿಂದ ಅಲ್ಲಿಗೆ ಹೋಗಲಾಗಲಿಲ್ಲ.

ಹೋಗಬಯಸುವ ಕುಟುಂಬಗಳಿಗೆ ಒಂದೆರಡು ಮಾತು. ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಹೋದರೆ ಸೀತನಿಯೂ ದಾಳಿಂಬೆಯೂ ಒಟ್ಟಿಗೆ ಸಿಗುತ್ತವೆ. ರೈತರಿಗೆ ಮೊದಲೇ ತಿಳಿಸಿ. ಹಿಂದಿನ ದಿನ ಬೇರೆ ದಾಳಿಂಬೆ ತೋಟಕ್ಕೆ ಹೋಗಿದ್ದರೆ ಅದನ್ನೂ ಹೇಳಿ, ಬಟ್ಟೆ ಬದಲಿಸಿ, ಚಪ್ಪಲಿ ತೊಳೆದುಕೊಂಡು ಹೋಗಿ. ಇಬ್ಬನಿ ಬಿದ್ದ ದಿನ ಹನ್ನೊಂದಕ್ಕೆ ಮುಂಚೆ ತೋಟದೊಳಗೆ ಕಾಲಿಡಬೇಡಿ. ಅಲ್ಲಿಯವರೆಗೆ ಸೀತನಿ ತಿನ್ನುತ್ತಿರಿ.