ಇಟ್ಟಂಗಿ ಹಿಡಿದ ಕೈ

ನಮ್ಮಪ್ಪ ಗೌಂಡಿ. ಖಾನಾಪುರ ಕಡೆಯವರಿಗೆ ಇಟ್ಟಂಗಿ ಭಟ್ಟಿ ಅಂದರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆಯ ಮಣ್ಣು ಇಟ್ಟಂಗಿಗೆ, ಹಂಚಿಗೆ, ಗಡಿಗೆಗೆ ಹೇಳಿ ಮಾಡಿಸಿದ ಹಾಗಿದೆ. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಖಾನಾಪುರದಲ್ಲೇ.

ಬೇಸಿಗೆ ರಜೆ ಬಂತೆಂದರೆ ಅಣ್ಣ, ನಾನು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿದ್ದೆವು. ನಾನು ಕೆಳಗಿನಿಂದ ಇಟ್ಟಂಗಿ ಎಸೆಯುವುದು, ಅಣ್ಣ ಕಟ್ಟಿಗೆ ಅಟ್ಟದ ಮೇಲೆ ನಿಂತು ಹಿಡಿಯುವುದು. ಮೊದಲು ಒಂದೊಂದು, ಆಮೇಲೆ ಎರಡೆರಡು. ಅವನ ಕೈಯಿಂದ ಇಟ್ಟಂಗಿ ಜಾರಿದ್ದು ನನಗೆ ನೆನಪಿಲ್ಲ.

ಹೋದ ಮಳೆಗಾಲದಲ್ಲಿ ಊರಿಗೆ ಹೋದಾಗ ಅಣ್ಣನಿಗೆ ಮೊಬೈಲ್‌ನಲ್ಲಿ ಒಂದು ವಿಡಿಯೋ ತೋರಿಸಿದೆ. ಅಮೆರಿಕದ ಫುಟ್‌ಬಾಲ್. ನಮ್ಮ ಫುಟ್‌ಬಾಲ್ ಅಲ್ಲ, ಕೈಯಲ್ಲಿ ಆಡುವುದು. ಚೆಂಡು ಉದ್ದಕ್ಕೆ, ಎರಡೂ ತುದಿ ಚೂಪಾಗಿ ಇರುತ್ತದೆ. ಒಂದೊಂದು ಕಡೆ ಹನ್ನೊಂದು ಜನ. ನಡುವೆ ನಿಂತವನು ಚೆಂಡು ಎಸೆಯುತ್ತಾನೆ. ಅಂಚಿನಲ್ಲಿ ದೂರ ನಿಂತವನು ಓಡಿ, ತಿರುಗಿ, ಹಿಂದಿನಿಂದ ಬರುವ ಚೆಂಡನ್ನು ಹಿಡಿಯಬೇಕು. ಹಿಡಿದ ಕೂಡಲೇ ಎದುರಿನವರು ಬಂದು ಗುದ್ದಿ ಕೆಡವುತ್ತಾರೆ. ಬಿದ್ದರೂ ಚೆಂಡು ಬಿಡಬಾರದು. ಕೊನೆಯ ಗೆರೆ ದಾಟಿದರೆ ಆರು ಪಾಯಿಂಟ್. ಹೀಗೆ ಹಿಡಿಯುವವನಿಗೆ ವೈಡ್ ರಿಸೀವರ್ ಅನ್ನುತ್ತಾರೆ.

ಅಣ್ಣ ಎರಡು ಸಲ ನೋಡಿದ. "ಇಂವ ಅಂಗೈಲೆ ಹಿಡ್ಯಾಂಗಿಲ್ಲ, ಬೆರಳಲೆ ಹಿಡಿತಾನ ನೋಡು. ಇಟ್ಟಂಗಿ ಹಿಡಿದ ಕೈ ಅದು," ಅಂದ.

ನಾನು ಅವನಿಗೆ ಇನ್ನೂ ಏನೂ ಹೇಳಿರಲಿಲ್ಲ. ವಿಡಿಯೋದಲ್ಲಿ ಇದ್ದವನು ಜೆರ್ರಿ ರೈಸ್. ಅವರಪ್ಪನೂ ಗೌಂಡಿ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ರಾಫರ್ಡ್ ಅನ್ನುವ ಸಣ್ಣ ಊರು, ಕಪ್ಪು ಜನರ ಬಡ ಮನೆ. ಬೇಸಿಗೆಯಲ್ಲಿ ಅಣ್ಣತಮ್ಮಂದಿರು ಕೆಳಗಿನಿಂದ ಇಟ್ಟಂಗಿ ಎಸೆಯುವುದು, ಜೆರ್ರಿ ಮೇಲೆ ನಿಂತು ಹಿಡಿಯುವುದು. ಇದನ್ನು ಓದಿದ ದಿನವೇ ಅಣ್ಣನಿಗೆ ತೋರಿಸಬೇಕು ಅಂದುಕೊಂಡಿದ್ದೆ.

ಜೆರ್ರಿ ಆಟಕ್ಕೆ ಬಂದ ಕಥೆಯೂ ನಮ್ಮೂರ ಕಥೆಯ ಹಾಗೇ ಇದೆ. ಒಂದು ದಿನ ಕ್ಲಾಸ್ ತಪ್ಪಿಸಿ ತಿರುಗುತ್ತಿದ್ದಾಗ ಶಾಲೆಯ ದೊಡ್ಡ ಮಾಸ್ತರರೊಬ್ಬರು ಹಿಂದಿನಿಂದ ಬಂದರು. ಹುಡುಗ ಹೆದರಿ ಓಟ ಕಿತ್ತ. ಮರುದಿನ ಏಟು ಬಿತ್ತು. ಆದರೆ ಅದೇ ಮಾಸ್ತರರು ಆ ಓಟ ನೋಡಿ, ಇವನನ್ನು ತಂಡಕ್ಕೆ ತಗೋ ಅಂತ ಕೋಚ್‌ಗೆ ಹೇಳಿದರು.

ದೊಡ್ಡ ಕಾಲೇಜುಗಳು ಅವನನ್ನು ಕರೆಯಲಿಲ್ಲ. ಮಿಸಿಸಿಪ್ಪಿ ವ್ಯಾಲಿ ಸ್ಟೇಟ್ ಅನ್ನುವ ಸಣ್ಣ ವಿಶ್ವವಿದ್ಯಾಲಯ ಕರೆಯಿತು. 1984ರಲ್ಲಿ ಹ್ಯೂಸ್ಟನ್ ನಗರದ ಹೋಟೆಲೊಂದರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡದ ಕೋಚ್ ಬಿಲ್ ವಾಲ್ಷ್ ಮಲಗುವ ಮೊದಲು ಟಿವಿ ಹಾಕಿದ್ದರು. ಕ್ರೀಡಾ ಸುದ್ದಿಯಲ್ಲಿ ಈ ಸಣ್ಣ ಕಾಲೇಜಿನ ಹುಡುಗನ ಆಟದ ತುಣುಕು ಬಂತು. ವಾಲ್ಷ್ ಅವನ ಮೇಲೆ ಕಣ್ಣಿಟ್ಟರು. 1985ರಲ್ಲಿ ವೃತ್ತಿ ತಂಡಗಳು ಸರದಿ ಪ್ರಕಾರ ಆಟಗಾರರನ್ನು ಆರಿಸುವಾಗ, ಬೇರೆ ತಂಡದ ಜೊತೆ ಸರದಿ ಅದಲುಬದಲು ಮಾಡಿಕೊಂಡು 16ನೆಯವನಾಗಿ ರೈಸ್‌ನನ್ನು ತೆಗೆದುಕೊಂಡರು.

ಮೊದಲ ವರ್ಷ ಕೈಗೆ ಬಂದ ಚೆಂಡು ಬಿಟ್ಟ. ಸ್ವಂತ ಊರಿನ ಪ್ರೇಕ್ಷಕರೇ ಛೀಮಾರಿ ಹಾಕಿದರು. ಅವನು ದಿನಾ ಗುಡ್ಡ ಹತ್ತಿ ಓಡಿದ. ಆ ಆಟದಲ್ಲಿ ಬಹಳ ಜನರ ವೃತ್ತಿ ಮೂರ್ನಾಲ್ಕು ವರ್ಷಕ್ಕೇ ಮುಗಿದುಹೋಗುತ್ತದೆ. ಇವನು 20 ಸೀಸನ್ ಆಡಿದ. 42 ವರ್ಷದವನಾಗಿ 2005ರಲ್ಲಿ ನಿವೃತ್ತನಾದಾಗ 1,549 ಸಲ ಚೆಂಡು ಹಿಡಿದಿದ್ದ. ಹಿಡಿದು ಮುಂದೆ ಸಾಗಿದ ದೂರ 22,895 ಗಜ. ಹತ್ತಿರ ಹತ್ತಿರ 21 ಕಿಲೋಮೀಟರ್. ಗುದ್ದು ತಿನ್ನುತ್ತಾ ಬೆಳಗಾವಿಯಿಂದ ಹೊರಟರೆ ಖಾನಾಪುರ ಇನ್ನು ಐದಾರು ಕಿಲೋಮೀಟರ್ ಇದೆ ಅನ್ನುವಷ್ಟು ದೂರ. ಯಾರೂ ಇನ್ನೂ ಆ ಲೆಕ್ಕ ಮುರಿದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ. "ಮೊಣಕಾಲಿಗೆ ಏನೂ ಆಗಲಿಲ್ಲೇನು ಅವಗ?"

ಆಗಿತ್ತು. 1997ರ ಆಗಸ್ಟ್ 31ರಂದು ಸೀಸನ್ನಿನ ಮೊದಲ ಪಂದ್ಯದಲ್ಲೇ ರೈಸ್‌ನ ಎಡ ಮೊಣಕಾಲಿನ ಒಳಗಿನ ಕಟ್ಟು ಹರಿಯಿತು. ಶಸ್ತ್ರಚಿಕಿತ್ಸೆ ಆಯಿತು. ಹದಿನೈದೇ ವಾರಕ್ಕೆ, ಡಿಸೆಂಬರ್ 15ಕ್ಕೆ ಮೈದಾನಕ್ಕೆ ಇಳಿದ. ಅವಸರ ಆಯಿತೇನೋ, ಅವತ್ತೇ ಮೊಣಚಿಪ್ಪು ಬಿರುಕು ಬಿಟ್ಟಿತು. ಆದರೂ ಮುಂದಿನ ವರ್ಷ ಹದಿನಾರಕ್ಕೆ ಹದಿನಾರೂ ಪಂದ್ಯ ಆಡಿದ.

ಅಣ್ಣ ಯಾಕೆ ಕೇಳಿದ ಅಂತ ನನಗೆ ಗೊತ್ತು. ಅವನು ನಮ್ಮೂರ ಕಬಡ್ಡಿ ತಂಡದ ರೇಡರ್ ಆಗಿದ್ದ. ಪಕ್ಕದ ಊರಿನ ಟೂರ್ನಿಯ ಫೈನಲ್‌ನಲ್ಲಿ ಎದುರಿನವರು ಕಾಲು ಹಿಡಿದು ಎಳೆದಾಗ ಮೊಣಕಾಲು ತಿರುಗಿತು. ಆಗ ಅವನಿಗೆ ಹತ್ತೊಂಬತ್ತು. ಎಣ್ಣೆ ಹಚ್ಚಿ ಪಟ್ಟಿ ಕಟ್ಟಿಸಿದೆವು. ಬೆಳಗಾವಿಗೆ ಕರೆದುಕೊಂಡು ಹೋಗಿ ತೋರಿಸುವ ಮಾತು ಮನೆಯಲ್ಲಿ ಬಂತು, ಆದರೆ ಆ ವರ್ಷವೇ ನನ್ನ ಡಿಪ್ಲೊಮಾ ಫೀ ಕಟ್ಟಬೇಕಿತ್ತು. ಯಾರೂ ಮುಂದೆ ಬಾಯಿ ಬಿಡಲಿಲ್ಲ. ನಾನಂತೂ ಬಿಡಲಿಲ್ಲ. ಇವತ್ತಿಗೂ ಅಟ್ಟ ಹತ್ತುವಾಗ ಅವನು ಮೊದಲು ಬಲಗಾಲು ಇಟ್ಟು, ಆಮೇಲೆ ಎಡಗಾಲು ಎಳೆದುಕೊಳ್ಳುತ್ತಾನೆ.

ಆ ಟೂರ್ನಿಯ ಸುದ್ದಿ ಪೇಪರಿನಲ್ಲಿ ಬಂದಿತ್ತು. ಅವ್ವ ಅದನ್ನು ಕತ್ತರಿಸಿ ಟ್ರಂಕಿನಲ್ಲಿ ಇಟ್ಟಿದ್ದಾಳೆ. ವಿಡಿಯೋ ತೋರಿಸಿದ ರಾತ್ರಿ ತೆಗೆದು ಓದಿದೆ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಬಹುಮಾನ ಕೊಟ್ಟವರು, ವೇದಿಕೆ ಮೇಲೆ ಇದ್ದವರು ಎಲ್ಲ ಸೇರಿ ಹನ್ನೊಂದು ಹೆಸರು. ಆಟಗಾರರ ಹೆಸರು ಒಂದೂ ಇಲ್ಲ. ಅಣ್ಣನ ಹೆಸರೂ ಇಲ್ಲ. ಅವ್ವ ಯಾಕೆ ಇಟ್ಟುಕೊಂಡಳೋ. ಅವಳಿಗೆ ಓದಲು ಬರುವುದಿಲ್ಲ, ಮಗನ ಹೆಸರು ಇದೆ ಅಂತಲೇ ಇಷ್ಟು ವರ್ಷ ತಿಳಿದಿದ್ದಾಳೆ. ನಾನೂ ಹೇಳಲಿಲ್ಲ.

ಬೆಳಗಾವಿಗೆ ವಾಪಸ್ ಬಂದ ಮೇಲೆ ನಾನೇ ಕಳಿಸಿದ ಹಳೆಯ ಕ್ರೀಡಾ ಸುದ್ದಿಗಳನ್ನು ತೆಗೆದು ನೋಡಿದೆ. ಅವೂ ಹಾಗೇ ಇದ್ದವು. ಗಣ್ಯರ ಹೆಸರು ಒಂದು ತಪ್ಪಿದರೆ ಫೋನ್ ಬರುತ್ತದೆ. ಆಟಗಾರನ ಹೆಸರು ತಪ್ಪಿದರೆ ಯಾರೂ ಕೇಳುವುದಿಲ್ಲ. ಹೀಗಾಗಿ ಅದು ರೂಢಿಯಾಗಿಬಿಟ್ಟಿದೆ.

ಹ್ಯೂಸ್ಟನ್‌ನ ಆ ರಾತ್ರಿಯ ಸುದ್ದಿಯಲ್ಲಿ ಸಣ್ಣ ಕಾಲೇಜಿನ ಮೈದಾನ ಉದ್ಘಾಟಿಸಿದವರನ್ನು ತೋರಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತೇನೆ. ರೈಸ್ ಕಷ್ಟಪಟ್ಟಿದ್ದು ಹೌದು. ಇಟ್ಟಂಗಿ ಭಟ್ಟಿಯ ನಮ್ಮ ಹುಡುಗರೂ ಕಷ್ಟಪಡುತ್ತಾರೆ. ಅವನಿಗೆ ಹೆಚ್ಚು ಸಿಕ್ಕಿದ್ದು ಮೂರು: ಓಟ ಕಂಡು ಹೇಳಿದ ಮಾಸ್ತರರು, ಒಳಗೆ ಬಿಟ್ಟುಕೊಂಡ ಕಾಲೇಜು, ಮೊಣಕಾಲು ರಿಪೇರಿ ಮಾಡಿದ ಡಾಕ್ಟರು.

ನಮ್ಮಲ್ಲಿ ದಾರಿಯೇ ಇಲ್ಲ ಅನ್ನಲಾರೆ. ಬೆಳಗಾವಿ ತಾಲೂಕಿನ ತುರಮುರಿಯ ಮಲಪ್ರಭಾ ಜಾಧವ ರೈತನ ಮಗಳು. ಬೆಳಗಾವಿಯಲ್ಲಿ ಜೂಡೋ ಕಲಿತು, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಅನ್ನುವ ಕುಸ್ತಿಯಲ್ಲಿ ಕಂಚು ಗೆದ್ದಳು. ಕುರಾಶ್ ಹೆಸರನ್ನೇ ನಾವ್ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಕ್ರೀಡಾ ಇಲಾಖೆಯ ವಸತಿ ನಿಲಯಗಳಿಗೆ ಶಾಲೆ ಮಕ್ಕಳನ್ನು ಆಯ್ಕೆ ಮಾಡಿಕೊಳ್ಳುತ್ತಾರೆ. ನಿಮ್ಮ ಊರಿನಲ್ಲಿ ಒಳ್ಳೇ ಓಟ, ಒಳ್ಳೇ ಕೈ ಇರುವ ಮಗು ಇದ್ದರೆ ಬೆಳಗಾವಿಯ ನೆಹರು ನಗರದ ಜಿಲ್ಲಾ ಕ್ರೀಡಾಂಗಣಕ್ಕೆ ಒಂದು ಸಲ ಕರೆದುಕೊಂಡು ಹೋಗಿ, ಆಯ್ಕೆ ಯಾವಾಗ ಅಂತ ಕೇಳಿ. ಹತ್ತೊಂಬತ್ತು ಆಗುವವರೆಗೆ ಕಾಯಬೇಡಿ.

ನಾನು ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಮೊನ್ನೆ ಖಾನಾಪುರ ಕಡೆಯ ಒಂದು ಕಬಡ್ಡಿ ಟೂರ್ನಿಯ ಸುದ್ದಿ ಕಳಿಸಿದೆ. ಗೆದ್ದ ತಂಡದ ಏಳೂ ಜನರ ಹೆಸರು, ಸೋತ ತಂಡದ ರೇಡರ್ ಹೆಸರು, ಅವನ ಊರು, ಅವನು ತಂದ ಪಾಯಿಂಟ್ ಎಷ್ಟು ಅಂತ ಬರೆದೆ. ಡೆಸ್ಕಿನವರು ನಾಲ್ಕು ಹೆಸರು ಕತ್ತರಿಸಿದರು. ರೇಡರ್ ಹೆಸರು ಉಳಿಯಿತು.

ಮರುದಿನ ಆ ಹುಡುಗ ಫೋನ್ ಮಾಡಿದ್ದ. ಭಟ್ಟಿಯಲ್ಲಿ ಕೆಲಸ ಮಾಡುತ್ತಾನಂತೆ. "ಸರ, ಪೇಪರ್ ಇಲ್ಲಿ ಸಿಗವಲ್ದು. ಒಂದು ಇಟ್ಟಿರ್ರಿ, ರವಿವಾರ ಬಂದು ಒಯ್ತೀನಿ," ಅಂದ.

ಎರಡು ಪ್ರತಿ ತೆಗೆದಿಟ್ಟಿದ್ದೇನೆ. ಒಂದು ಅವನಿಗೆ, ಇನ್ನೊಂದು ಅಣ್ಣನಿಗೆ.