ಸ್ವರ್ಗದಿಂದ ತಂದ ಟಿಕೆಟ್

ಊರಿನಲ್ಲಿ ಮಧ್ಯಾಹ್ನ ಮೂರು ಗಂಟೆ ಅಂದರೆ ನಮಗೆ ಇಲ್ಲಿ ಹನ್ನೆರಡೂವರೆ. ಕೇರಳ ಲಾಟರಿಯ ಡ್ರಾ ದಿನಾ ಆ ಹೊತ್ತಿಗೆ ಶುರು. ನಮ್ಮ ಊಟದ ಬಿಡುವೂ ಹೆಚ್ಚುಕಡಿಮೆ ಆಗಲೇ. ನಜ್ಮಾದ ನಮ್ಮ ರೂಮಿನಲ್ಲಿರುವ ಆರು ಜನರಲ್ಲಿ ಇಬ್ಬರು ಅನ್ನದ ಡಬ್ಬಿಗಿಂತ ಮೊದಲು ಫೋನ್ ತೆರೆಯುವವರು. ನಗಬೇಡಿ, ನಿಮ್ಮ ರೂಮಿನಲ್ಲೂ ಒಬ್ಬರಾದರೂ ಇದ್ದೇ ಇರುತ್ತಾರೆ.

ಇಬ್ಬರಲ್ಲಿ ಒಬ್ಬ ವಿಟ್ಲದ ಕಡೆಯವನು. ಇದನ್ನು ಬರೆಯುತ್ತೇನೆ ಅಂದಾಗ "ಬರೀರಿ ಅಣ್ಣಾ, ಹೆಸರು ಮಾತ್ರ ಹಾಕ್ಬೇಡಿ" ಅಂದ. ಹಾಗಾಗಿ ಇಲ್ಲಿ ಅವನು ಬರೀ ತಮ್ಮ.

ಕರ್ನಾಟಕದಲ್ಲಿ 2007ರಿಂದ ಲಾಟರಿ ಬಂದ್. ಗಡಿಯಾಚೆ ಅದು ಸರಕಾರದ್ದೇ ವ್ಯಾಪಾರ. ಕೇರಳ ಲಾಟರಿ ಇಲಾಖೆ ಹುಟ್ಟಿದ್ದು 1967ರಲ್ಲಿ, ಮೊದಲ ಡ್ರಾ ಆದದ್ದು 1968ರ ಜನವರಿ 26ರಂದು. ಆಗ ಟಿಕೆಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50,000. ಹಾಗಾಗಿ ಟಿಕೆಟ್ ಬೇಕಾದ ನಮ್ಮವರು ಗಡಿ ದಾಟಬೇಕು. ಮಂಗಳೂರಿನವರಿಗೆ ತಲಪಾಡಿ ದಾಟಿದರೆ ಸಾಕು. ಗುಂಡ್ಲುಪೇಟೆಯವರಿಗೆ ಸುಲ್ತಾನ್ ಬತ್ತೇರಿ, ವಿರಾಜಪೇಟೆಯವರಿಗೆ ಮಾಕುಟ್ಟ ಇಳಿದು ಇರಿಟ್ಟಿ. ವಿಟ್ಲದವರು ಸಾರಡ್ಕದ ಗೇಟು ದಾಟಿ ಅಡ್ಕಸ್ಥಳಕ್ಕೆ ಬಂದರೆ ಮುಂದೆ ಪೆರ್ಲ.

ಆದರೆ ತಮ್ಮನಿಗೆ ಪೆರ್ಲ ಆಗುವುದಿಲ್ಲ. ಅವನದ್ದೊಂದು ಲೆಕ್ಕ ಉಂಟು. "ಪೇಟೆ ಅಂಗಡಿಯಲ್ಲಿ ಸಾವಿರ ಜನ ಕೈ ಹಾಕಿ ಅದೃಷ್ಟ ಎಲ್ಲ ಹೆಕ್ಕಿ ಆಗಿರ್ತದೆ ಅಣ್ಣಾ. ಒಳಗಿನ ಊರಿನ ಸಣ್ಣ ಅಂಗಡಿಯಲ್ಲಿ ಯಾರೂ ಮುಟ್ಟದ ಟಿಕೆಟ್ ಉಳಿದಿರ್ತದೆ." ಅದಕ್ಕಾಗಿ ಪ್ರತಿ ತಿಂಗಳು ಅಕ್ಕನ ಗಂಡನಿಗೆ ಸಾವಿರ ರೂಪಾಯಿ ಕಳಿಸುತ್ತಿದ್ದ. ಭಾವ ಬೈಕು ಹತ್ತಿ ಪೆರ್ಲದಿಂದಲೂ ಒಳಗೆ, ಎಣ್ಮಕಜೆ ಪಂಚಾಯತಿನ ಸ್ವರ್ಗದವರೆಗೆ ಹೋಗಿ ತರುತ್ತಿದ್ದರು. ಹೌದು, ಊರಿನ ಹೆಸರೇ ಸ್ವರ್ಗ. "ಭಾವ ಸ್ವರ್ಗಕ್ಕೆ ಹೋಗಿದ್ದಾರೆ" ಅಂತ ಅವನು ಹೇಳಿದಾಗ ರೂಮಿಗೆ ಹೊಸದಾಗಿ ಬಂದ ಹಾಸನದ ಹುಡುಗ ಪಾಪ ಎದ್ದು ನಿಂತುಬಿಟ್ಟಿದ್ದ.

2024ರ ಅಕ್ಟೋಬರಿನಲ್ಲಿ ಓಣಂ ಬಂಪರಿನ 25 ಕೋಟಿ ಸುಲ್ತಾನ್ ಬತ್ತೇರಿಯಲ್ಲಿ ಮಾರಿದ ಟಿಕೆಟಿಗೆ ಬಿತ್ತು. ಹೊಡೆದದ್ದು ನಮ್ಮ ಮಂಡ್ಯ ಜಿಲ್ಲೆಯ ಒಬ್ಬ ಮೆಕ್ಯಾನಿಕ್‌ಗೆ. ಆ ರಾತ್ರಿ ನಮ್ಮ ರೂಮಿನಲ್ಲಿ ಯಾರೂ ಸರಿಯಾಗಿ ಮಲಗಲಿಲ್ಲ. "ನೋಡಿದ್ರಾ? ಗಡಿ ದಾಟಿ, ಕಾಡು ದಾಟಿ ಹೋಗಿ ತಂದದ್ದು" ಅಂತ ತಮ್ಮ ಹತ್ತು ಸಲ ಹೇಳಿದ. ಆ ಸಲ ಮಾರಾಟವಾದದ್ದು 70 ಲಕ್ಷಕ್ಕೂ ಹೆಚ್ಚು ಟಿಕೆಟ್, ಒಂದಕ್ಕೆ 500 ರೂಪಾಯಿ. ಉಳಿದವರೂ ಯಾವುದೋ ಅಂಗಡಿಗೆ ಹೋಗಿಯೇ ತಂದವರು. ಅದು ಲೆಕ್ಕಕ್ಕೇ ಬರಲಿಲ್ಲ.

ದೂರದ ಅಂಗಡಿ ಹುಡುಕುವ ಹುಚ್ಚು ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ಉಜ್ಜುವ ಲಾಟರಿ ಟಿಕೆಟ್ ಉಂಟು. ನಾವು ಇಲ್ಲಿ ಹಲಾ ರೀಚಾರ್ಜ್ ಕಾರ್ಡ್ ಉಜ್ಜುವ ಹಾಗೆ ಉಗುರಿನಲ್ಲಿ ಉಜ್ಜಿದರೆ ಬಹುಮಾನ ಅಲ್ಲೇ ಕಾಣುತ್ತದೆ. ದೊಡ್ಡ ಬಹುಮಾನ ಎಷ್ಟು ಉಳಿದಿದೆ ಅಂತ ಅಲ್ಲಿನ ಲಾಟರಿಯವರೇ ಪಟ್ಟಿ ಹಾಕುತ್ತಾರೆ. ಅದನ್ನು ನೋಡಿಕೊಂಡು ಕೆಲವರು ಕಾರು ಹತ್ತಿ ಸಣ್ಣ ಸಣ್ಣ ಊರಿನ ಅಂಗಡಿಗಳನ್ನು ಸುತ್ತುತ್ತಾರೆ. ಅದರಲ್ಲಿ ಸ್ವಲ್ಪವಾದರೂ ಅರ್ಥ ಉಂಟು, ಯಾಕೆಂದರೆ ಗೆಲುವು ಸೋಲು ಮೊದಲೇ ಪ್ರಿಂಟಾಗಿ ಟಿಕೆಟಿನೊಳಗೆ ಕೂತಿರುತ್ತದೆ. ಕೇರಳದ್ದು ಹಾಗಲ್ಲ. ಮೂರು ಗಂಟೆಯ ತನಕ ಯಾವ ಟಿಕೆಟಿನ ಒಳಗೂ ಏನೂ ಇಲ್ಲ. ತಲಪಾಡಿಯದ್ದೂ ಒಂದೇ, ಸ್ವರ್ಗದ್ದೂ ಒಂದೇ.

ಆ ಉಜ್ಜುವ ಟಿಕೆಟಿನ ಗುಟ್ಟನ್ನು ಒಬ್ಬ ನಿಜವಾಗಿಯೂ ಒಡೆದಿದ್ದ. 2003ರಲ್ಲಿ ಕೆನಡಾದ ಟೊರಾಂಟೊದ ಮೋಹನ್ ಶ್ರೀವಾಸ್ತವ, ಗಣಿಗಳಿಗೆ ಅಂಕಿಅಂಶದ ಲೆಕ್ಕ ಮಾಡಿಕೊಡುವವರು. ಒಂದು ಜಾತಿಯ ಟಿಕೆಟಿನಲ್ಲಿ ಉಜ್ಜದೆಯೇ ಕಾಣುವ ಅಂಕಿಗಳನ್ನು ನೋಡಿ ಯಾವುದು ಗೆಲ್ಲುತ್ತದೆ ಅಂತ ಹೇಳಬಹುದು ಎಂದು ಕಂಡುಹಿಡಿದರು. ಅಂಗಡಿ ಅಂಗಡಿ ಸುತ್ತಿದರೆ ದಿನಕ್ಕೆ ಸುಮಾರು 600 ಡಾಲರ್ ಆದೀತು ಅಂತ ಲೆಕ್ಕ ಹಾಕಿ, ತನ್ನ ಕೆಲಸದಲ್ಲೇ ಅದಕ್ಕಿಂತ ಹೆಚ್ಚು ಬರುತ್ತದೆ ಎಂದು ಲಾಟರಿಯವರಿಗೇ ವಿಷಯ ತಿಳಿಸಿದರು. ಟಿಕೆಟ್ ವಾಪಸ್ ಪಡೆದರು. ಈ ಕತೆ ಹೇಳಿದಾಗ ತಮ್ಮ ಕೇಳಿದ್ದು ಒಂದೇ ಮಾತು: "600 ಡಾಲರ್ ಬಿಟ್ಟನಾ?"

ಇರಲಿ. ನನಗೆ ಹೇಳಬೇಕಾದ ವಿಷಯ ಕಾಗದದ್ದು. ಲಾಟರಿಯಲ್ಲಿ ಲೆಕ್ಕಕ್ಕೆ ಬರುವುದು ಟಿಕೆಟಿನ ಅಸಲು ಕಾಗದ, ವಾಟ್ಸಾಪ್ ಫೋಟೊ ಅಲ್ಲ. ಕಾಗದ ಊರಿನಲ್ಲಿ, ನಾವು ಇಲ್ಲಿ. 2021ರಲ್ಲಿ ಓಣಂ ಬಂಪರಿನ 12 ಕೋಟಿ ತನಗೇ ಬಂದಿದೆ ಅಂತ ದುಬೈಯಲ್ಲಿ ಹೋಟೆಲ್ ಕೆಲಸದಲ್ಲಿದ್ದ ಒಬ್ಬರು ಟಿವಿಯ ಮುಂದೆ ಹೇಳಿದ್ದು ನಿಮಗೆ ನೆನಪಿರಬಹುದು. ಗೆಳೆಯನಿಗೆ ದುಡ್ಡು ಕಳಿಸಿ ಟಿಕೆಟ್ ತೆಗೆಸಿದ್ದೆ ಅಂತ ನಂಬಿದ್ದರು, ಫೋನಿನಲ್ಲಿ ಫೋಟೊ ಇತ್ತು. ಆಮೇಲೆ ನೋಡಿದರೆ ಅಸಲು ಟಿಕೆಟ್ ಕೊಚ್ಚಿ ಕಡೆಯ ಒಬ್ಬ ಆಟೊ ಡ್ರೈವರ್ ಹತ್ತಿರ ಇತ್ತು. ಆ ಮನುಷ್ಯನನ್ನು ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾವೆಲ್ಲ ಊರಿನಲ್ಲಿ ಮನೆ ಕಟ್ಟಿಸುವುದೂ ಫೋಟೊ ನೋಡಿಯೇ ಅಲ್ಲವಾ?

ತಮ್ಮನದ್ದು ಕೋಟಿಯ ಕತೆ ಅಲ್ಲ. ಭಾವ ಒಂದು ಸಲ ಟಿಕೆಟ್‌ಗಳನ್ನು ಮೇಜಿನ ಮೇಲೆ ಹರಡಿ ಫೋಟೊ ತೆಗೆದು ಕಳಿಸಿದ್ದರು. ಡ್ರಾ ಆದಾಗ ಅದರಲ್ಲಿ ಒಂದರ ಕೊನೆಯ ನಾಲ್ಕು ಅಂಕಿ ಸರಿಹೊಂದಿತು. 5,000 ರೂಪಾಯಿ. ಇವನು ಕುಣಿದುಕೊಂಡು ಫೋನ್ ಮಾಡಿದ. ಭಾವ ಹೇಳಿದರು, "ಅದು ನಿನ್ನದಲ್ಲ ಮಾರಾಯ, ನನಗೆ ಅಂತ ತೆಗೆದದ್ದು. ಎಲ್ಲ ಒಟ್ಟಿಗೆ ಫೋಟೊದಲ್ಲಿ ಬಂದಿದೆ."

ಅಷ್ಟೇ ಮಾತು. ಶುಕ್ರವಾರ ಅಕ್ಕ ಮಾಡುತ್ತಿದ್ದ ವಿಡಿಯೊ ಕಾಲ್ ನಿಂತಿತು. ಕೇರಳದಲ್ಲಿ 5,000ದವರೆಗಿನ ಬಹುಮಾನವನ್ನು ಯಾವ ಲಾಟರಿ ಅಂಗಡಿಯಲ್ಲಿ ಬೇಕಾದರೂ ತೆಗೆದುಕೊಳ್ಳಬಹುದು, ಬ್ಯಾಂಕಿಗೆ ಹೋಗಬೇಕಾಗಿಲ್ಲ. ಟಿಕೆಟಿನ ಹಿಂದೆ ಹೆಸರು, ವಿಳಾಸ, ಸಹಿಗೆ ಜಾಗ ಉಂಟು. ಭಾವ ತಂದ ಟಿಕೆಟ್‌ಗಳಲ್ಲಿ ಯಾರೂ ಏನೂ ಬರೆದಿರಲಿಲ್ಲ. ಭಾವ ಹೇಳಿದ್ದು ನಿಜ ಇರಬಹುದು, ಸುಳ್ಳೂ ಇರಬಹುದು. ನಾನು ಭಾವನ ಕಡೆ. ತಮ್ಮನನ್ನು ಕೇಳಿದೆ, "ಎರಡು ವರ್ಷ ಸ್ವರ್ಗಕ್ಕೆ ಹೋಗಿ ಬಂದ ಪೆಟ್ರೋಲಿನ ದುಡ್ಡು ಯಾರು ಕೊಟ್ಟದ್ದು?" ಅವನು ಉತ್ತರ ಹೇಳಲಿಲ್ಲ, ಪಾತ್ರೆ ತೊಳೆಯಲು ಹೋದ. ಅವತ್ತು ಪಾಳಿ ಅವನದ್ದಲ್ಲ.

5,000 ರೂಪಾಯಿ ಅಂದರೆ ಇಲ್ಲಿಯ ಸುಮಾರು 200 ರಿಯಾಲ್. ಎರಡು ವರ್ಷದಲ್ಲಿ ಅವನು ಕಳಿಸಿದ್ದು 24,000 ರೂಪಾಯಿ, ವಾಪಸ್ ಬಂದದ್ದು ಎರಡು ಸಾವಿರವೂ ಇಲ್ಲ. ಆ ಲೆಕ್ಕಕ್ಕೆ ಅವನಿಗೆ ಬೇಸರ ಇಲ್ಲ. ಈ ಐದು ಸಾವಿರಕ್ಕೆ ಉಂಟು.

ಮುಂದಿನ ತಿಂಗಳು ಅವನಿಗೆ ರಜೆ. ಅಕ್ಕನ ಮಗುವಿಗೆ ಹೆಸರಿಡುವ ಕಾರ್ಯಕ್ರಮ. ಹಾಲಿನ ಪುಡಿ, ಕಂಬಳಿ, ಮಕ್ಕಳ ಬಟ್ಟೆ ಎಲ್ಲ ಕಾರ್ಟನ್‌ಗೆ ತುಂಬಿ ಆಗಿದೆ. ಭಾವನಿಗೆ ಅಂತ ಚಾರ್ಜ್ ಮಾಡುವ ಒಂದು ದೊಡ್ಡ ಟಾರ್ಚ್ ಉಂಟು, ನನ್ನ ಹತ್ತಿರ ಕೇಳಿಯೇ ತೆಗೆದದ್ದು. ಅದು ಈಗಾಗಲೇ ಎರಡು ಸಲ ಕಾರ್ಟನ್ನಿನ ಒಳಗೆ ಹೋಗಿ ಎರಡು ಸಲ ಹೊರಗೆ ಬಂದಿದೆ. ತೂಕ ಜಾಸ್ತಿ ಆಗ್ತದೆ ಅಂತಾನೆ. ನಿನ್ನೆ ರಾತ್ರಿ ನೋಡಿದಾಗ ಒಳಗಿತ್ತು.